ಮನೆಯಲ್ಲೇ ವಿ.ಸಿ.ಡಿ. ನಕಲು: ಒಂದು ತಂತ್ರಜ್ಞಾನದ ಏಳುಬೀಳು

ನಿಮ್ಮ ಮನೆಯ ಕಪಾಟನ್ನು ಒಮ್ಮೆ ತಡಕಿ ನೋಡಿ. ಹಳೆಯ ಪಾಸ್‌ಬುಕ್ಕು, ಮಕ್ಕಳ ಅಂಕಪಟ್ಟಿಗಳ ಅಡಿಯಲ್ಲೆಲ್ಲೋ ಪ್ಲಾಸ್ಟಿಕ್ ಹೊದಿಕೆಯೊಳಗೆ ಮಿನುಗುವ ತಟ್ಟೆಯೊಂದು ಸಿಕ್ಕೀತು. ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ‘ಗೃಹಪ್ರವೇಶ, ಭಾಗ 2’ ಎಂದೋ ‘ನಾಮಕರಣ’ ಎಂದೋ ಬರೆದಿರುತ್ತದೆ. ಅದನ್ನು ಹಾಕಿ ನೋಡುವ ಯಂತ್ರ ಮಾತ್ರ ಈಗ ಬಹುತೇಕ ಮನೆಗಳಲ್ಲಿ ಇರುವುದಿಲ್ಲ.

ನಮ್ಮ ಮನೆಯಲ್ಲೂ ಅಂಥದೊಂದು ತಟ್ಟೆಯಿತ್ತು. 2002ರಲ್ಲಿ ಮೈಸೂರಿನಲ್ಲಿ ನಡೆದ ನನ್ನ ತಂಗಿಯ ಮದುವೆಯ ವಿ.ಸಿ.ಡಿ. ಅದು. ಧಾರೆ ಎರೆಯುವಾಗ ನಮ್ಮ ತಂದೆ ಕಣ್ಣೊರೆಸಿಕೊಂಡದ್ದು, ಊಟದ ಪಂಕ್ತಿಯಲ್ಲಿ ಓಡಾಡುತ್ತ ಎಲ್ಲರನ್ನೂ ಮಾತನಾಡಿಸಿದ್ದು ಅದರಲ್ಲಿದೆ. ತಂದೆಯವರ ಚಲಿಸುವ ಚಿತ್ರ, ಧ್ವನಿ ಎರಡೂ ಇರುವುದು ಅದೊಂದರಲ್ಲೇ. ಅವರು 2009ರಲ್ಲಿ ತೀರಿಕೊಂಡರು. ಹತ್ತು ವರ್ಷಗಳ ನಂತರ, ತಂಗಿಯ ಮಗಳು ತಾತನನ್ನು ನೋಡಬೇಕೆಂದಾಗ ನಾನು ಆ ತಟ್ಟೆಯನ್ನು ಕಂಪ್ಯೂಟರಿಗೆ ಹಾಕಿದೆ. ಡ್ರೈವ್ ಗರಗರನೆ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಕೊನೆಗೆ ‘ಓದಲಾಗುತ್ತಿಲ್ಲ’ ಎಂಬ ಸಂದೇಶ ಬಂತು.

ಆ ತಟ್ಟೆಗೆ ಏನಾಗಿತ್ತು? ತಂದೆಯವರ ಚಿತ್ರ ಕೊನೆಗೆ ಎಲ್ಲಿ ಸಿಕ್ಕಿತು? ಇದನ್ನು ಹೇಳಬೇಕಾದರೆ ಮನೆಯಲ್ಲಿ ಕುಳಿತು ವಿ.ಸಿ.ಡಿ. ನಕಲು ಮಾಡುತ್ತಿದ್ದ ಒಂದು ಕಾಲದ ಕಥೆಯನ್ನೂ, ಅದರ ಹಿಂದಿನ ಭೌತವಿಜ್ಞಾನವನ್ನೂ ಹೇಳಬೇಕು.

ನಕಲುಗಾರರ ಹಳೆಯ ಊರು

ನಕಲು ಮಾಡುವುದು ಮೈಸೂರಿಗೆ ಹೊಸದಲ್ಲ. 1891ರಲ್ಲಿ ಸ್ಥಾಪನೆಯಾದ ಇಲ್ಲಿನ ಪ್ರಾಚ್ಯ ಗ್ರಂಥಾಲಯಕ್ಕೆ (ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ) ತಂಜಾವೂರು ಕಡೆಯ ಪಂಡಿತರೊಬ್ಬರು ಗ್ರಂಥ ಲಿಪಿಯ ತಾಳೆಗರಿಯ ಕಟ್ಟೊಂದನ್ನು ಕೊಟ್ಟರು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. 1909ರಲ್ಲಿ ಮೂಲ ಪಠ್ಯವೂ 1915ರಲ್ಲಿ ಇಂಗ್ಲಿಷ್ ಅನುವಾದವೂ ಪ್ರಕಟವಾದವು. ಹಲವು ಶತಮಾನ ಕಣ್ಮರೆಯಾಗಿದೆ ಎಂದುಕೊಂಡಿದ್ದ ಕೃತಿ ಹೀಗೆ ಬೆಳಕಿಗೆ ಬಂತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಶಾಸ್ತ್ರಿಗಳ ಕೈಗೆ ಬಂದದ್ದು ಕೌಟಿಲ್ಯನ ಕೈಬರಹವಲ್ಲ; ನಕಲಿನ ನಕಲಿನ ನಕಲು. ನಮ್ಮ ಹವೆಯಲ್ಲಿ ತಾಳೆಗರಿ ಕೆಲವು ನೂರು ವರ್ಷ ಬಾಳಿದರೆ ಹೆಚ್ಚು. ಹುಳು ಹಿಡಿಯುವ ಮೊದಲು ಯಾರೋ ಕಂಠವನ್ನು ಹಿಡಿದು ಇನ್ನೊಂದು ಗರಿಗೆ ಇಳಿಸಿದ್ದರಿಂದಲೇ ಆ ಕೃತಿ ಉಳಿಯಿತು. ಆದರೆ ಪ್ರತಿ ನಕಲಿನಲ್ಲೂ ಒಂದಿಷ್ಟು ತಪ್ಪು ಸೇರುತ್ತಿತ್ತು. ಲಿಪಿಕಾರರು ಇದನ್ನು ಬಲ್ಲರು. ಕೆಲವು ಹಸ್ತಪ್ರತಿಗಳ ಕೊನೆಯಲ್ಲಿ, 32 ಅಕ್ಷರಗಳನ್ನು ಒಂದು ‘ಗ್ರಂಥ’ವೆಂದು ಎಣಿಸಿ ಒಟ್ಟು ಎಷ್ಟು ಗ್ರಂಥ ಎಂದು ಬರೆದಿರುತ್ತದೆ. ಮುಂದೆ ನಕಲು ಮಾಡುವವನು ಎಣಿಸಿ ತಾಳೆ ನೋಡಬಹುದು. ಈ ಎಣಿಕೆಯನ್ನು ನೆನಪಿನಲ್ಲಿಡಿ. ಲೇಖನದ ಕೊನೆಗೆ ಮತ್ತೆ ಬರುತ್ತದೆ.

ವಿಡಿಯೊ ಕ್ಯಾಸೆಟ್ಟಿನ ಕಾಲದಲ್ಲೂ ಇದೇ ತೊಂದರೆ. ಟೇಪಿನ ಮೇಲಿನ ಕಾಂತೀಯ ಸಂಕೇತ ಸಾದೃಶ್ಯ ಸ್ವರೂಪದ್ದು, ಅಂದರೆ ಚಿತ್ರದ ಏರಿಳಿತವನ್ನೇ ಅನುಸರಿಸುವಂಥದು. ಒಂದು ಟೇಪಿನಿಂದ ಇನ್ನೊಂದಕ್ಕೆ ಇಳಿಸಿದಾಗ ಟೇಪಿನ ‘ನಾಯ್ಸ್’ ಕೂಡ ಚಿತ್ರದ ಜೊತೆಗೇ ಇಳಿಯುತ್ತದೆ. ಹೊಸ ಟೇಪು ತನ್ನದೊಂದಿಷ್ಟು ಸೇರಿಸುತ್ತದೆ. ನಾಲ್ಕು ತಲೆಮಾರಿನ ನಕಲಿನಲ್ಲಿ ನಾಯ್ಸ್‌ನ ಶಕ್ತಿ ಸುಮಾರು ನಾಲ್ಕು ಪಟ್ಟು. ಮದುವೆಯ ಕ್ಯಾಸೆಟ್ಟು ನೆಂಟರ ಮನೆಗಳನ್ನು ಸುತ್ತಿ ಬರುವಷ್ಟರಲ್ಲಿ ಮದುಮಗಳ ಸೀರೆಯ ಬಣ್ಣ ಪಕ್ಕದವರಿಗೂ ಹರಡಿರುತ್ತಿತ್ತು! ಸಾಲದ್ದಕ್ಕೆ ಮಳೆಗಾಲದಲ್ಲಿ ಟೇಪಿಗೆ ಬೂಷ್ಟು.

ಅಂಕೀಯ ನಕಲು ಇವೆರಡಕ್ಕಿಂತ ಬೇರೆ. ಅಲ್ಲಿ ಇರುವುದು ಸೊನ್ನೆ ಮತ್ತು ಒಂದು ಮಾತ್ರ. ಸ್ವಲ್ಪ ಮಸುಕಾದ ಒಂದನ್ನೂ ಯಂತ್ರ ಒಂದೆಂದೇ ಓದಿ, ಹೊಸ ತಟ್ಟೆಯಲ್ಲಿ ಸ್ಪಷ್ಟವಾಗಿ ಬರೆಯುತ್ತದೆ. ಸರಿಯಾಗಿ ಓದಿದರೆ ನೂರನೆಯ ನಕಲೂ ಮೂಲದಂತೆಯೇ. ಸಾಮಾನ್ಯ ಮನೆಯೊಂದರಲ್ಲಿ ಚಲಿಸುವ ಚಿತ್ರದ ತಪ್ಪಿಲ್ಲದ ನಕಲು ಸಾಧ್ಯವಾದದ್ದು ಸಿ.ಡಿ. ರೈಟರ್ ಬಂದ ಮೇಲೆಯೇ.

ಬಣ್ಣಬಣ್ಣದ ಪುಸ್ತಕಗಳು

ಸಿ.ಡಿ.ಯ ಹುಟ್ಟಿಗೆ ಮೂರು ಎಳೆಗಳು ಸೇರಬೇಕಾಯಿತು. ಮೊದಲನೆಯದು ಗಣಿತ. 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಎಂಬ ಇಬ್ಬರು ಅಮೆರಿಕನ್ ಗಣಿತಜ್ಞರು ಬೀಜಗಣಿತದ ಬಹುಪದಗಳನ್ನು ಬಳಸಿ ಸಂದೇಶದ ತಪ್ಪುಗಳನ್ನು ಹುಡುಕಿ ತಿದ್ದುವ ಸಂಕೇತವೊಂದನ್ನು ರೂಪಿಸಿದರು. ಎರಡನೆಯದು ಲೇಸರ್. ಅರೆವಾಹಕ ಲೇಸರ್ 1962ರಲ್ಲೇ ಹುಟ್ಟಿದರೂ, ಕೊಠಡಿಯ ತಾಪದಲ್ಲಿ ಎಡೆಬಿಡದೆ ಬೆಳಗುವಂಥದು ಸಿದ್ಧವಾದದ್ದು 1970ರಲ್ಲಿ, ಲೆನಿನ್‌ಗ್ರಾದ್‌ನಲ್ಲಿ ಝೋರೆಸ್ ಅಲ್ಫೆರೊವ್ ಅವರ ತಂಡದಿಂದ ಮತ್ತು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಈ ದಾರಿ ತೆರೆದದ್ದಕ್ಕೆ ಅಲ್ಫೆರೊವ್ ಮತ್ತು ಹರ್ಬರ್ಟ್ ಕ್ರೋಮರ್ 2000ದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಮೂರನೆಯದು ಫಿಲಿಪ್ಸ್ ಮತ್ತು ಸೋನಿ ಕಂಪೆನಿಗಳು ಸ್ಪರ್ಧೆ ಬಿಟ್ಟು ಒಂದೇ ಮಾನಕಕ್ಕೆ ಒಪ್ಪಿದ್ದು. 1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಮೊದಲ ಸಿ.ಡಿ. ಪ್ಲೇಯರ್ ಮಾರಾಟಕ್ಕೆ ಬಂತು.

ಸಿ.ಡಿ.ಯ ಮಾನಕಗಳನ್ನು ಅವುಗಳ ಕೈಪಿಡಿಯ ರಕ್ಷಾಪುಟದ ಬಣ್ಣದಿಂದ ಕರೆಯುವುದು ರೂಢಿ. ಹಾಡಿನ ಸಿ.ಡಿ.ಗೆ ಕೆಂಪು ಪುಸ್ತಕ, ಕಂಪ್ಯೂಟರ್ ದತ್ತಾಂಶಕ್ಕೆ ಹಳದಿ, ಮನೆಯಲ್ಲಿ ಬರೆಯಬಹುದಾದ ಸಿ.ಡಿ.-ಆರ್‌ಗೆ ಕಿತ್ತಳೆ. 1993ರ ಬಿಳಿ ಪುಸ್ತಕ ವಿ.ಸಿ.ಡಿ.ಯದು.

ವಿ.ಸಿ.ಡಿ.ಯ ಚಿತ್ರ ನಮ್ಮ ಟಿ.ವಿ. ಪದ್ಧತಿಯಲ್ಲಿ 352 ಅಡ್ಡ ಬಿಂದು, 288 ಲಂಬ ಬಿಂದು, ಸೆಕೆಂಡಿಗೆ 25 ಚೌಕಟ್ಟು. ಪ್ರತಿ ಬಿಂದುವಿಗೆ ಸರಾಸರಿ 12 ಬಿಟ್ ಎಂದಿಟ್ಟುಕೊಂಡು ನೀವೇ ಗುಣಿಸಿ ನೋಡಿ: ಸೆಕೆಂಡಿಗೆ ಸುಮಾರು 304 ಲಕ್ಷ ಬಿಟ್. ಆದರೆ ಮಾನಕ ಚಿತ್ರಕ್ಕೆ ಕೊಟ್ಟದ್ದು ಸುಮಾರು 11.5 ಲಕ್ಷ ಬಿಟ್ ಮಾತ್ರ. ಇಪ್ಪತ್ತಾರರಲ್ಲಿ ಒಂದು ಪಾಲು! ಹಿಂದಿನ ಚೌಕಟ್ಟಿನಿಂದ ಬದಲಾದದ್ದನ್ನಷ್ಟೇ ಬರೆಯುವುದು, ಕಣ್ಣು ಗುರುತಿಸದ ಸೂಕ್ಷ್ಮಗಳನ್ನು ಬಿಡುವುದು: ಎಂಪೆಗ್-1 ಎಂಬ ಸಂಕೋಚನ ವಿಧಾನದ ತಿರುಳು ಇದು. ಹೊಡೆದಾಟದ ದೃಶ್ಯದಲ್ಲಿ ಪರದೆ ಚೌಕಚೌಕವಾಗಿ ಒಡೆದಂತೆ ಕಾಣುತ್ತಿದ್ದುದು ನಿಮಗೆ ನೆನಪಿದ್ದರೆ, ಕಾರಣ ಇಲ್ಲಿದೆ.

ಯೂರೋಪು, ಅಮೆರಿಕಗಳಲ್ಲಿ ವಿ.ಸಿ.ಡಿ. ನೆಲೆಯೂರಲಿಲ್ಲ. ಚೀನಾ, ಆಗ್ನೇಯ ಏಷ್ಯಾ ಮತ್ತು ನಮ್ಮಲ್ಲಿ ಮನೆಮಾತಾಯಿತು. ಪ್ಲೇಯರ್ ಅಗ್ಗ, ಟೇಪು ಹಿಂದಕ್ಕೆ ಸುತ್ತುವ ಕೆಲಸವಿಲ್ಲ, ಬೂಷ್ಟಿನ ಕಾಟವಿಲ್ಲ. ಒಂದು ತಟ್ಟೆಗೆ 74 ಅಥವಾ 80 ನಿಮಿಷ. ಎರಡೂವರೆ ಗಂಟೆಯ ಕನ್ನಡ ಚಿತ್ರಕ್ಕೆ ಎರಡು ತಟ್ಟೆ. ಮಧ್ಯೆ ಎದ್ದು ತಟ್ಟೆ ಬದಲಿಸುವುದೇ ಮನೆಯ ಇಂಟರ್‌ವಲ್!

ಭಾರತದಲ್ಲಿ ಖಾಲಿ ತಟ್ಟೆಗಳು ಅಗ್ಗವಾಗಲು ಒಂದು ಕಾರಣ ಮೋಸರ್ ಬೇರ್ ಇಂಡಿಯಾ. ಮೊದಲು ಫ್ಲಾಪಿ ತಯಾರಿಸುತ್ತಿದ್ದ ಈ ಕಂಪೆನಿ 1999ರಲ್ಲಿ ಸಿ.ಡಿ.-ಆರ್ ತಯಾರಿಕೆಗೆ ಇಳಿದು, ಜಗತ್ತಿನ ದೊಡ್ಡ ತಯಾರಕರಲ್ಲಿ ಒಂದಾಯಿತು. ಮೈಸೂರಿನ ಸರಸ್ವತಿಪುರಂ, ಕುವೆಂಪುನಗರಗಳ ಝೆರಾಕ್ಸ್ ಅಂಗಡಿ, ಸೈಬರ್ ಕೆಫೆಗಳ ಮುಂದೆ ‘ಸಿ.ಡಿ. ರೈಟಿಂಗ್ ಮಾಡಿಕೊಡಲಾಗುವುದು’ ಎಂಬ ಫಲಕಗಳು ಎದ್ದದ್ದು ಈ ದಿನಗಳಲ್ಲಿ.

ಬೆಳಕಿನಿಂದ ಓದು, ಬೆಳಕಿನಿಂದ ಬರಹ

ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿ.ಡಿ.ಯಲ್ಲಿ 1.6 ಮೈಕ್ರೋಮೀಟರ್ ಅಂತರದಲ್ಲಿ ಸುತ್ತುವ ಸುರುಳಿಯೊಂದಿದೆ. ಒಳಗಿನಿಂದ ಹೊರಕ್ಕೆ ಸಾಗುವ ಈ ಸುರುಳಿಯನ್ನು ಬಿಚ್ಚಿ ಚಾಚಿದರೆ ಉದ್ದ ಐದು ಕಿಲೋಮೀಟರಿಗೂ ಹೆಚ್ಚು. ಅದರುದ್ದಕ್ಕೂ ಸುಮಾರು ಅರ್ಧ ಮೈಕ್ರೋಮೀಟರ್ ಅಗಲದ ಸಣ್ಣ ಗುಳಿಗಳು. ಓದುವ ಲೇಸರಿನ ತರಂಗದೂರ 780 ನ್ಯಾನೋಮೀಟರ್, ಕಣ್ಣಿಗೆ ಬಹುಮಟ್ಟಿಗೆ ಕಾಣದ ಅವರಕ್ತ ಬೆಳಕು. ತಟ್ಟೆಯ ಪಾಲಿಕಾರ್ಬೊನೇಟ್‌ನ ವಕ್ರೀಭವನಾಂಕ 1.55 ಆದ್ದರಿಂದ ಅದರೊಳಗೆ ತರಂಗದೂರ ಸುಮಾರು 500 ನ್ಯಾನೋಮೀಟರಿಗೆ ಇಳಿಯುತ್ತದೆ. ಗುಳಿಯ ಆಳ ಇದರ ಕಾಲು ಭಾಗದ ಆಸುಪಾಸು. ಗುಳಿಗೆ ಹೋಗಿ ಬರುವ ಬೆಳಕು ಸುತ್ತಲಿನ ಸಮತಲದಿಂದ ಮರಳುವ ಬೆಳಕಿಗಿಂತ ಅರ್ಧ ತರಂಗದೂರ ಹೆಚ್ಚು ಸಾಗುತ್ತದೆ. ಎರಡೂ ಒಂದನ್ನೊಂದು ಅಳಿಸುತ್ತವೆ. ತರಗತಿಯಲ್ಲಿ ನಾವು ಬೋಧಿಸುವ ವಿನಾಶಕ ವ್ಯತಿಕರಣ ಇದೇ. ಬೆಳಕಿನಿಂದ ಕತ್ತಲಿಗೆ ಅಥವಾ ಕತ್ತಲಿನಿಂದ ಬೆಳಕಿಗೆ ಬದಲಾದ ಜಾಗವೇ ‘ಒಂದು’. ಬದಲಾಗದೆ ಉಳಿದ ಜಾಗ ‘ಸೊನ್ನೆ’.

ಮನೆಯಲ್ಲಿ ಗುಳಿ ತೋಡುವುದು ಸಾಧ್ಯವಿಲ್ಲ. ಜಪಾನಿನ ತಾಯ್ಯೊ ಯೂಡೆನ್ ಕಂಪೆನಿ 1988ರಲ್ಲಿ ಇದಕ್ಕೆ ಸುಲಭದ ಉಪಾಯ ತೋರಿಸಿತು. ಪ್ಲಾಸ್ಟಿಕ್ಕಿನಲ್ಲಿ ಮೊದಲೇ ಖಾಲಿ ಸುರುಳಿಗೆರೆಯನ್ನು ಅಚ್ಚೊತ್ತಿ, ಅದರ ಮೇಲೆ ಸಾವಯವ ಬಣ್ಣದ ತೆಳು ಲೇಪ, ಅದರ ಮೇಲೆ ಚಿನ್ನ ಅಥವಾ ಬೆಳ್ಳಿಯ ಪ್ರತಿಫಲಕ ಪದರ. ಓದುವಾಗ ಒಂದು ಮಿಲಿವ್ಯಾಟ್‌ಗೂ ಕಡಿಮೆ ಇರುವ ಲೇಸರ್, ಬರೆಯುವಾಗ ಹಲವು ಪಟ್ಟು ಪ್ರಬಲವಾಗುತ್ತದೆ. ಬೆಳಕು ಬಿದ್ದ ಚುಕ್ಕೆಯಲ್ಲಿ ಬಣ್ಣ ಬಿಸಿಯಾಗಿ ವಿಘಟಿಸುತ್ತದೆ, ಅಲ್ಲಿ ಪ್ರತಿಫಲನ ಕುಗ್ಗುತ್ತದೆ. ಪ್ಲೇಯರಿಗೆ ಅದು ಗುಳಿಯಂತೆಯೇ ಕಾಣುತ್ತದೆ. ಸಿ.ಡಿ.-ಆರ್‌ನ ಹಸಿರು, ನೀಲಿ, ಹೊಂಬಣ್ಣಗಳು ಈ ಲೇಪದವು.

ಒಂದು ಮಾತು ಗಮನಿಸಿ. ಅಚ್ಚೊತ್ತಿದ ಸಿ.ಡಿ.ಯಲ್ಲಿ ಮಾಹಿತಿ ಪ್ಲಾಸ್ಟಿಕ್ಕಿನ ಆಕಾರದಲ್ಲಿದೆ. ಮನೆಯಲ್ಲಿ ಬರೆದದ್ದರಲ್ಲಿ ಮಾಹಿತಿ ಇರುವುದು ಬಣ್ಣದಲ್ಲಿ. ಬಿಸಿಲಿಗೆ ಬಣ್ಣ ಮಾಸುತ್ತದೆ ಎಂಬುದು ಬಟ್ಟೆ ಒಣಹಾಕುವ ಎಲ್ಲರಿಗೂ ಗೊತ್ತು.

ನನ್ನ ನಕಲು, ನನ್ನ ತಪ್ಪುಗಳು

ಮದುವೆಯಾದ ತಿಂಗಳಿಗೆ ವಿಡಿಯೊದವರು ಎರಡು ತಟ್ಟೆಗಳ ವಿ.ಸಿ.ಡಿ. ಕೊಟ್ಟರು. ಅತ್ತೆ, ಚಿಕ್ಕಪ್ಪ, ಬೀಗರು ಎಲ್ಲರೂ ‘ನಮಗೂ ಒಂದು ಕಾಪಿ’ ಎಂದರು. ಆಗ ನಾನು ಕಾಲೇಜಿನಲ್ಲಿ ಅಧ್ಯಾಪಕ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಳೆಯದೊಂದು ರೈಟರ್ ತರಿಸಿ ಕಂಪ್ಯೂಟರಿಗೆ ಕೂಡಿಸಿಕೊಂಡೆ. ಭೌತವಿಜ್ಞಾನ ಓದಿದವನಿಗೆ ಇದೇನು ಕಷ್ಟ ಎಂಬ ಧೈರ್ಯ.

ಮೊದಲ ತಟ್ಟೆಯನ್ನು ತೆರೆದೆ. ಒಳಗೆ ಹಲವು ಕೋಶಗಳು. ಒಂದರಲ್ಲಿ ‘ಡ್ಯಾಟ್’ ಎಂಬ ಬಾಲವಿದ್ದ ದೊಡ್ಡ ಕಡತ. ಅದನ್ನು ಹಾರ್ಡ್ ಡಿಸ್ಕಿಗೆ ಎಳೆದು, ಖಾಲಿ ತಟ್ಟೆಗೆ ಬರೆಯಲು ಹೋದರೆ ‘ಜಾಗ ಸಾಲದು’ ಎಂಬ ಸಂದೇಶ! ಮೂಲವೂ 80 ನಿಮಿಷದ ತಟ್ಟೆ, ಖಾಲಿಯೂ 80 ನಿಮಿಷದ ತಟ್ಟೆ. ಅದರಲ್ಲಿ ಹಿಡಿಸಿದ್ದು ಇದರಲ್ಲೇಕೆ ಹಿಡಿಸದು?

ಉತ್ತರ ಹಳದಿ ಮತ್ತು ಬಿಳಿ ಪುಸ್ತಕಗಳ ವ್ಯತ್ಯಾಸದಲ್ಲಿದೆ. ಸಿ.ಡಿ.ಯ ಸುರುಳಿಯನ್ನು 2352 ಬೈಟ್‌ಗಳ ಖಂಡಗಳಾಗಿ ಹಂಚಿರುತ್ತಾರೆ. ಮೂಲ ವೇಗದಲ್ಲಿ ಸೆಕೆಂಡಿಗೆ 75 ಖಂಡಗಳು ಲೇಸರಿನಡಿ ಸಾಗುತ್ತವೆ. ಕಂಪ್ಯೂಟರ್ ದತ್ತಾಂಶದ ತಟ್ಟೆಯಲ್ಲಿ ಪ್ರತಿ ಖಂಡದ 2048 ಬೈಟ್ ಮಾತ್ರ ನಿಮ್ಮದು. ಉಳಿದದ್ದರಲ್ಲಿ 276 ಬೈಟ್ ಹೆಚ್ಚುವರಿ ದೋಷ ತಿದ್ದುಪಡಿಗೆ ಮೀಸಲು. ಸಂಬಳದ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೂ ಅನಾಹುತವಲ್ಲವೇ? ಚಲನಚಿತ್ರದಲ್ಲಿ ಒಂದು ಚೌಕಟ್ಟಿನ ಮೂಲೆಯಲ್ಲಿ ಕ್ಷಣಕಾಲ ಚುಕ್ಕೆ ಕಂಡರೆ ಯಾರಿಗೂ ನಷ್ಟವಿಲ್ಲ. ಹಾಗಾಗಿ ವಿ.ಸಿ.ಡಿ.ಯ ಚಿತ್ರಭಾಗದಲ್ಲಿ ಈ ಹೆಚ್ಚುವರಿ ರಕ್ಷಣೆಯನ್ನು ಕೈಬಿಟ್ಟು, ಪ್ರತಿ ಖಂಡದಲ್ಲಿ 2324 ಬೈಟ್ ಚಿತ್ರವನ್ನೇ ತುಂಬಿದರು. 80 ನಿಮಿಷದ ತಟ್ಟೆಯಲ್ಲಿ ಕಂಪ್ಯೂಟರ್ ದತ್ತಾಂಶ ಸುಮಾರು 73.7 ಕೋಟಿ ಬೈಟ್ ಹಿಡಿದರೆ, ಚಿತ್ರ ಸುಮಾರು 83.7 ಕೋಟಿ ಬೈಟ್ ಹಿಡಿಯುತ್ತದೆ. ನನ್ನ ಮೊದಲ ತಟ್ಟೆಯಲ್ಲಿ 71 ನಿಮಿಷದ ಚಿತ್ರವಿತ್ತು. ಕಂಪ್ಯೂಟರ್ ಅದನ್ನು ಎಳೆದುಕೊಳ್ಳುವಾಗ ಖಂಡದ 2352 ಬೈಟ್‌ಗಳನ್ನೂ ಸೇರಿಸಿಕೊಂಡು 75 ಕೋಟಿ ಬೈಟ್‌ನ ಕಡತ ಮಾಡಿತ್ತು. 73.7 ಕೋಟಿಯ ಜಾಗದಲ್ಲಿ ಅದು ಹೇಗೆ ಕೂತೀತು?

ಎರಡನೆಯ ತಟ್ಟೆಯಲ್ಲಿ ಒಂದು ಗಂಟೆಯ ಚಿತ್ರವಿದ್ದುದರಿಂದ ಜಾಗವೇನೋ ಸಾಕಾಯಿತು. ಬರೆದದ್ದೂ ಆಯಿತು, ಕಂಪ್ಯೂಟರಿನಲ್ಲಿ ಓಡಿತೂ ಸಹ. ಟಿ.ವಿ. ಪಕ್ಕದ ಪ್ಲೇಯರಿಗೆ ಹಾಕಿದರೆ ‘ನೋ ಡಿಸ್ಕ್’. ನಾನು ಬರೆದದ್ದು ಹಳದಿ ಪುಸ್ತಕದ ತಟ್ಟೆ. ಪ್ಲೇಯರ್ ಬಲ್ಲದ್ದು ಬಿಳಿ ಪುಸ್ತಕವನ್ನು. ಕಡತವನ್ನಲ್ಲ, ತಟ್ಟೆಯ ಖಂಡಗಳನ್ನು ಇದ್ದಂತೆ ಓದಿ ಇದ್ದಂತೆ ಬರೆಯಬೇಕು. ರೈಟಿಂಗ್ ತಂತ್ರಾಂಶದಲ್ಲಿ ‘ಡಿಸ್ಕ್ ಕಾಪಿ’ ಎಂಬ ಪ್ರತ್ಯೇಕ ಆಯ್ಕೆ ಇದ್ದದ್ದು ಇದಕ್ಕೇ. ನನ್ನ ವಿದ್ಯಾರ್ಥಿಯೊಬ್ಬ ಇದನ್ನು ಒಂದೇ ಮಾತಿನಲ್ಲಿ ಹೇಳಿಕೊಟ್ಟ. ಕಾರಣವನ್ನು ನಾನು ಅವನಿಗೆ ಹೇಳಿಕೊಟ್ಟೆ. ಹೀಗೆ ಲೆಕ್ಕ ಸರಿಹೋಯಿತು.

ಇನ್ನೊಂದು ಶತ್ರು ಬಫರ್. ಬರೆಯುವ ಲೇಸರ್ ನಡುವೆ ನಿಲ್ಲುವಂತಿರಲಿಲ್ಲ. ದತ್ತಾಂಶ ಬತ್ತಿದರೆ ತಟ್ಟೆ ಹಾಳು. ನನ್ನ ರೈಟರಿನ ಬಫರ್ 2 ಮೆಗಾಬೈಟ್. ನಾಲ್ಕು ಪಟ್ಟು ವೇಗದಲ್ಲಿ ಸೆಕೆಂಡಿಗೆ ಸುಮಾರು 7 ಲಕ್ಷ ಬೈಟ್ ಬೇಕು. ಅಂದರೆ ಕಂಪ್ಯೂಟರ್ ಮೂರು ಸೆಕೆಂಡು ಬೇರೆ ಕಡೆ ಗಮನ ಕೊಟ್ಟರೆ ಮುಗಿಯಿತು. ಆ ಹದಿನೆಂಟು ನಿಮಿಷ ಮನೆಯಲ್ಲಿ ಯಾರೂ ಮೌಸ್ ಮುಟ್ಟುವಂತಿಲ್ಲ. ಸಾನ್ಯೊ ಕಂಪೆನಿ 2000ದಲ್ಲೇ ಬರಹವನ್ನು ನಿಲ್ಲಿಸಿ ಅದೇ ಬಿಂದುವಿನಿಂದ ಮುಂದುವರಿಸುವ ತಂತ್ರವನ್ನು ತಂದಿತ್ತು. ನನ್ನ ಹಳೆಯ ಯಂತ್ರಕ್ಕೆ ಅದು ಗೊತ್ತಿರಲಿಲ್ಲ. ಕರೆಂಟು ಹೋದದ್ದೂ ಸೇರಿ ಐದು ತಟ್ಟೆ ಕೆಟ್ಟವು. ಅವು ಹಿತ್ತಲಿನ ಸೀಬೆ ಮರಕ್ಕೆ ಹಕ್ಕಿ ಬೆದರಿಸುವ ಬೊಂಬೆಗಳಾದವು. ಕೊನೆಗೆ ಹನ್ನೊಂದು ಜೊತೆ ಸಿದ್ಧವಾಗಿ ನೆಂಟರ ಮನೆಗಳಿಗೆ ಹೋದವು. ಒಂದು ಜೊತೆ ಹುಣಸೂರಿನಲ್ಲಿದ್ದ ನನ್ನ ಸೋದರತ್ತೆಗೆ.

ಬೀಗ ಮತ್ತು ಬೀಗದ ಕೈ

ವಿ.ಸಿ.ಡಿ.ಗೆ ಬೀಗವೇ ಇರಲಿಲ್ಲ. ಮನೆಯ ಮದುವೆಯನ್ನು ನಕಲು ಮಾಡುವ ಯಂತ್ರವೇ ಅಂಗಡಿಯಿಂದ ಬಾಡಿಗೆಗೆ ತಂದ ಹೊಸ ಚಿತ್ರವನ್ನೂ ನಕಲು ಮಾಡುತ್ತಿತ್ತು. 1996ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದ ಡಿ.ವಿ.ಡಿ.ಯಲ್ಲಿ ತಯಾರಕರು ಎಚ್ಚರವಹಿಸಿದರು. ಲೇಸರಿನ ತರಂಗದೂರ 650 ನ್ಯಾನೋಮೀಟರಿಗೆ, ಸುರುಳಿಯ ಅಂತರ 0.74 ಮೈಕ್ರೋಮೀಟರಿಗೆ ಇಳಿದು, ಒಂದು ಪದರದಲ್ಲೇ 470 ಕೋಟಿ ಬೈಟ್ ಹಿಡಿಸಿತು. ಜೊತೆಗೆ ಚಿತ್ರವನ್ನು 40 ಬಿಟ್‌ಗಳ ಕೀಲಿಯಿಂದ ಗೂಢೀಕರಿಸಿದರು. ಕೀಲಿಯ ಒಂದು ಭಾಗವನ್ನು ತಟ್ಟೆಯ ಒಳ ಅಂಚಿನಲ್ಲಿ ಇಟ್ಟು, ಮನೆಯ ಖಾಲಿ ತಟ್ಟೆಗಳಲ್ಲಿ ಆ ಜಾಗಕ್ಕೆ ಬರೆಯಲಾಗದಂತೆ ಮಾಡಿದರು. ಖಂಡಗಳನ್ನು ಇದ್ದಂತೆ ಬರೆದರೂ ಕೀಲಿಯಿಲ್ಲದ ಪೆಟ್ಟಿಗೆಯಷ್ಟೇ ಸಿಗುತ್ತಿತ್ತು. ಲೋಕವನ್ನು ಪ್ರದೇಶಗಳಾಗಿ ಹಂಚಿ ಭಾರತವನ್ನು 5ನೆಯದರಲ್ಲಿ ಸೇರಿಸಿದರು.

ಈ ಬೀಗ ಬಹಳ ಕಾಲ ನಿಲ್ಲಲಿಲ್ಲ. 1999ರಲ್ಲಿ ಅದನ್ನು ಬಿಡಿಸುವ ತಂತ್ರಾಂಶ ಹೊರಬಂತು. ಅದಕ್ಕಾಗಿ ವಿಚಾರಣೆಗೆ ಒಳಗಾದ ನಾರ್ವೆಯ ಹುಡುಗ ಯೋನ್ ಲೆಕ್ ಯೋಹಾನ್ಸೆನ್‌ನನ್ನು ಅಲ್ಲಿನ ನ್ಯಾಯಾಲಯಗಳು 2003ರಲ್ಲಿ ನಿರ್ದೋಷಿಯೆಂದವು. ತಾನು ಕೊಂಡ ತಟ್ಟೆಯನ್ನು ನೋಡುವುದು ತಪ್ಪಲ್ಲ ಎಂಬುದು ತೀರ್ಪಿನ ಸಾರ.

ನಮ್ಮ ಕಾನೂನೇನು? ಅಧ್ಯಾಪಕರು ಇದನ್ನು ತಿಳಿದಿರುವುದು ಒಳ್ಳೆಯದು. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೆಯ ವಿಧಿಯ ಪ್ರಕಾರ, ಹಣ ಕೊಟ್ಟು ಮಾಡಿಸಿಕೊಂಡ ಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಡಿಸಿಕೊಂಡವರೇ ಮೊದಲ ಒಡೆಯರು. ಹಾಗಾಗಿ ನಮ್ಮ ಮದುವೆಯ ಚಿತ್ರ ನಮ್ಮದೇ. ಸಿನಿಮಾ ಹಾಗಲ್ಲ. ಸ್ವಂತ ಬಳಕೆಗಾಗಿ ನ್ಯಾಯೋಚಿತವಾಗಿ ಬಳಸುವ ವಿನಾಯಿತಿ 52ನೆಯ ವಿಧಿಯಲ್ಲಿ ಮೊದಲು ಸಾಹಿತ್ಯ, ನಾಟಕ, ಸಂಗೀತ, ಕಲಾಕೃತಿಗಳಿಗಷ್ಟೇ ಇತ್ತು. 2012ರ ತಿದ್ದುಪಡಿ ಅದನ್ನು ಚಲನಚಿತ್ರಕ್ಕೂ ವಿಸ್ತರಿಸಿತು. ಅದೇ ತಿದ್ದುಪಡಿಯ 65-ಎ ವಿಧಿ, ಹಕ್ಕು ಕಸಿಯುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿಯುವುದನ್ನು ಅಪರಾಧವಾಗಿಸಿತು. ಕರ್ನಾಟಕವು 2014ರಲ್ಲಿ ‘ಗೂಂಡಾ ಕಾಯ್ದೆ’ ಎಂದು ಜನ ಕರೆಯುವ 1985ರ ಅಧಿನಿಯಮಕ್ಕೆ ತಿದ್ದುಪಡಿ ತಂದು, ಆಡಿಯೊ ವಿಡಿಯೊ ಕಳ್ಳನಕಲುಗಾರರನ್ನೂ ಅದರ ವ್ಯಾಪ್ತಿಗೆ ಸೇರಿಸಿತು.

ನನ್ನ ರೈಟರಿನ ಸುದ್ದಿ ಹರಡಿದ ಮೇಲೆ ಪರಿಚಿತರು ಹೊಸ ಚಿತ್ರಗಳ ತಟ್ಟೆಗಳನ್ನೂ ತಂದರು. ಒಂದೆರಡನ್ನು ನಾನು ಮಾಡಿಕೊಟ್ಟದ್ದೂ ಉಂಟು. ಆಗ ಅದು ಉಪಕಾರವೆಂದು ತೋರಿತ್ತು. ಆದರೆ ಕನ್ನಡ ಚಿತ್ರಕ್ಕೆ ಇರುವ ಮಾರುಕಟ್ಟೆಯೇ ಚಿಕ್ಕದು. ಅದನ್ನು ತೆಗೆದವರ ಪಾಲನ್ನು ಹಂಚಲು ನಾನು ಯಾರು ಎಂಬ ಪ್ರಶ್ನೆ ತಡವಾಗಿ ಹೊಳೆಯಿತು. ಬೀಗಕ್ಕಿಂತ ಪರಿಣಾಮಕಾರಿಯಾದ ಉತ್ತರ ಬೆಲೆಯಿಂದ ಬಂತು. 2007ರ ಹೊತ್ತಿಗೆ ಅದೇ ಮೋಸರ್ ಬೇರ್ ಹಲವು ಭಾರತೀಯ ಭಾಷೆಗಳ ಚಿತ್ರಗಳ ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರತೊಡಗಿತು. ಆ ಬೆಲೆಗೆ ಅಸಲಿ ತಟ್ಟೆಯೇ ಸಿಗುವಾಗ ನಕಲಿಗೆ ಕಷ್ಟಪಡುವವರು ಯಾರು?

ಮರೆಮಾಚುವ ತಿದ್ದುಪಡಿ

ಈಗ ಓದಲಾಗದ ಆ ತಟ್ಟೆಗೆ ಬರೋಣ. ವಿಡಿಯೊದವರು ಕೊಟ್ಟದ್ದೂ ಅಚ್ಚೊತ್ತಿದ ತಟ್ಟೆಯಲ್ಲ, ಬಣ್ಣದ ಲೇಪದ ಸಿ.ಡಿ.-ಆರ್. ಅದನ್ನು ನಾವು ಗೌರವದಿಂದ ಹಜಾರದ ಗಾಜಿನ ಶೋಕೇಸಿನಲ್ಲಿ ಇಟ್ಟಿದ್ದೆವು. ದಿನವೂ ಸಂಜೆಯ ಬಿಸಿಲು ನೇರವಾಗಿ ಬೀಳುವ ಜಾಗ. ಹದಿನೇಳು ವರ್ಷಗಳಲ್ಲಿ ಲೇಪ ಮಾಸಿ, ಬರೆದ ಚುಕ್ಕೆಗೂ ಬರೆಯದ ಜಾಗಕ್ಕೂ ಇದ್ದ ಅಂತರ ಕುಗ್ಗಿತ್ತು.

ಹಾಗಾದರೆ ನಡುವಿನ ವರ್ಷಗಳಲ್ಲಿ ನೋಡಿದಾಗ ಚಿತ್ರ ಮಸುಕಾಗಿ ಕಾಣಬೇಕಿತ್ತಲ್ಲವೇ? ಕಾಣಲಿಲ್ಲ. ಇಲ್ಲೇ ಇದೆ ಅಂಕೀಯ ಸಂಗ್ರಹದ ಅಪಾಯ. ರೀಡ್-ಸಾಲೊಮನ್ ಸಂಕೇತ ಸುರುಳಿಯ ಮೇಲೆ ಸುಮಾರು 2.5 ಮಿಲಿಮೀಟರ್ ಉದ್ದದ ಗಾಯವನ್ನೂ ಪೂರ್ತಿ ತಿದ್ದಬಲ್ಲದು. ದೋಷಗಳು ಹತ್ತಾಗಲಿ ಸಾವಿರವಾಗಲಿ, ಮಿತಿಯೊಳಗೆ ಇರುವವರೆಗೂ ಪರದೆಯ ಮೇಲೆ ಹೊಚ್ಚಹೊಸ ಚಿತ್ರ. ಮಿತಿ ದಾಟಿದೊಡನೆ ಏನೂ ಇಲ್ಲ. ತಾಳೆಗರಿಗೆ ಹುಳು ಬಿದ್ದರೆ ಕಣ್ಣಿಗೆ ಕಾಣುತ್ತದೆ. ಕ್ಯಾಸೆಟ್ಟು ಕೆಡುತ್ತಿದ್ದರೆ ಚಿತ್ರವೇ ಹೇಳುತ್ತದೆ. ಸಿ.ಡಿ. ಮಾತ್ರ ಕೊನೆಯ ದಿನದವರೆಗೂ ಆರೋಗ್ಯವಂತನಂತೆ ನಟಿಸುತ್ತದೆ. ನಮ್ಮನ್ನು ಕಾಪಾಡುವ ತಿದ್ದುಪಡಿಯೇ ನಮ್ಮಿಂದ ಕಾಯಿಲೆಯನ್ನು ಮರೆಮಾಚುತ್ತದೆ.

ತಂಗಿ ನೆಂಟರಿಗೆಲ್ಲ ಫೋನು ಮಾಡಿದಳು. ಹಲವರು ಮನೆ ಬದಲಿಸುವಾಗ ಎಸೆದಿದ್ದರು. ಕೆಲವರದು ಗೀಚಿಹೋಗಿತ್ತು. ಹುಣಸೂರಿನ ಅತ್ತೆ ಮಾತ್ರ ತಮ್ಮ ಕಬ್ಬಿಣದ ಟ್ರಂಕಿನಲ್ಲಿ, ರೇಷ್ಮೆ ಸೀರೆಗಳ ನಡುವೆ, ಅದನ್ನು ಇಟ್ಟುಕೊಂಡಿದ್ದರು. ಅವರ ಬಳಿ ಪ್ಲೇಯರ್ ಕೆಟ್ಟು ಎಷ್ಟೋ ವರ್ಷವಾಗಿತ್ತು. ಕತ್ತಲೆ, ಒಣ ಹವೆ, ಯಾರೂ ಮುಟ್ಟದ ಜಾಗ. ನನ್ನ ಕೈಯಿಂದಲೇ 2002ರಲ್ಲಿ ಬರೆದ ಆ ಅಗ್ಗದ ತಟ್ಟೆ ಮೊದಲ ಯತ್ನಕ್ಕೇ ಓದಿಕೊಂಡಿತು. ಮೂಲ ಸತ್ತಿತ್ತು, ನಕಲು ಬದುಕಿತ್ತು. ನಕಲಿನಲ್ಲಿ ಮೂಲದ ಒಂದು ಬಿಂದುವೂ ಕಡಿಮೆಯಾಗಿರಲಿಲ್ಲ.

ಎಲ್ಲ ಕಥೆಗಳೂ ಹೀಗೆ ಮುಗಿಯುವುದಿಲ್ಲ. 1934ರ ಮಾರ್ಚ್ 3ರಂದು ಬಿಡುಗಡೆಯಾದ ‘ಸತಿ ಸುಲೋಚನ’ ಕನ್ನಡದ ಮೊದಲ ವಾಕ್ಚಿತ್ರ. ವೈ.ವಿ. ರಾವ್ ನಿರ್ದೇಶಿಸಿ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ಅಭಿನಯಿಸಿದ ಆ ಚಿತ್ರದ ಒಂದು ಪ್ರತಿಯೂ ಇಂದು ಲಭ್ಯವಿಲ್ಲ. ಎಷ್ಟೋ ಶತಮಾನ ಹಳೆಯ ಅರ್ಥಶಾಸ್ತ್ರವನ್ನು ನಾವು ಓದಬಹುದು. ನಮ್ಮ ಅಜ್ಜಂದಿರು ಟಿಕೆಟ್ ಕೊಂಡು ನೋಡಿದ ಚಿತ್ರವನ್ನು ನೋಡಲಾರೆವು. ಒಂದನ್ನು ಮತ್ತೆ ಮತ್ತೆ ನಕಲು ಮಾಡಿದರು, ಇನ್ನೊಂದನ್ನು ಮಾಡಲಿಲ್ಲ.

ಮಾಡಿ ನೋಡಿ

ಸುರುಳಿಯ ಅಂತರವನ್ನು ತರಗತಿಯಲ್ಲೇ ಅಳೆಯಬಹುದು. ಬೇಕಾದದ್ದು ಕೆಂಪು ಲೇಸರ್ ಪಾಯಿಂಟರ್ (ತರಂಗದೂರ ಸುಮಾರು 650 ನ್ಯಾನೋಮೀಟರ್), ಹಳೆಯ ಸಿ.ಡಿ., ಡಿ.ವಿ.ಡಿ., ಅಳತೆಪಟ್ಟಿ ಮತ್ತು ನಡುವೆ ಸಣ್ಣ ರಂಧ್ರ ಮಾಡಿದ ದೊಡ್ಡ ಬಿಳಿ ರಟ್ಟು. ರಟ್ಟಿಗೆ ಸಮಾಂತರವಾಗಿ 30 ಸೆಂ.ಮೀ. ದೂರದಲ್ಲಿ ತಟ್ಟೆಯನ್ನು ನಿಲ್ಲಿಸಿ. ರಂಧ್ರದ ಮೂಲಕ ಲೇಸರನ್ನು ತಟ್ಟೆಯ ಮೇಲೆ ಲಂಬವಾಗಿ ಬಿಡಿ. ಕಿರಣವು ತಟ್ಟೆಯ ನಡುವಿನ ತೂತಿನ ಎಡಕ್ಕೋ ಬಲಕ್ಕೋ ಬೀಳಲಿ. ರಟ್ಟಿನ ಮೇಲೆ ಎರಡೂ ಪಕ್ಕಗಳಲ್ಲಿ ವಿವರ್ತನೆಯ ಚುಕ್ಕೆಗಳು ಮೂಡುತ್ತವೆ. ಸಿ.ಡಿ.ಗೆ ಮೊದಲ ಚುಕ್ಕೆ ರಂಧ್ರದಿಂದ ಸುಮಾರು 13 ಸೆಂ.ಮೀ. ದೂರದಲ್ಲಿ, ಡಿ.ವಿ.ಡಿ.ಗೆ ಸುಮಾರು 55 ಸೆಂ.ಮೀ. ದೂರದಲ್ಲಿ ಸಿಗಬೇಕು. ಚುಕ್ಕೆಯ ಕೋನವನ್ನು ಕಂಡುಹಿಡಿದು, ತರಂಗದೂರವನ್ನು ಆ ಕೋನದ ‘ಸೈನ್’ ಬೆಲೆಯಿಂದ ಭಾಗಿಸಿದರೆ ಸುರುಳಿಯ ಅಂತರ ಬರುತ್ತದೆ. ಸಿ.ಡಿ.ಯಲ್ಲಿ ಎರಡನೆಯ ಚುಕ್ಕೆಯೂ ಕಾಣುತ್ತದೆ, ಡಿ.ವಿ.ಡಿ.ಯಲ್ಲಿ ಕಾಣುವುದಿಲ್ಲ. ಏಕೆಂದು ವಿದ್ಯಾರ್ಥಿಗಳನ್ನೇ ಕೇಳಿ. ಎಚ್ಚರಿಕೆ: ಲೇಸರನ್ನಾಗಲಿ ತಟ್ಟೆಯಿಂದ ಮರಳುವ ಕಿರಣವನ್ನಾಗಲಿ ಕಣ್ಣಿಗೆ ಬೀಳಿಸಬಾರದು.

ನೀವು ಈಗ ಮಾಡಬೇಕಾದ್ದು

ತಟ್ಟೆಯ ಕಾಲ ಮುಗಿಯುತ್ತ ಬಂದಿದೆ. ತಾಯ್ಯೊ ಯೂಡೆನ್ 2015ರಲ್ಲಿ ಖಾಲಿ ತಟ್ಟೆಗಳ ತಯಾರಿಕೆಯಿಂದ ಹಿಂದೆ ಸರಿಯಿತು. ಮೋಸರ್ ಬೇರ್ 2018ರಲ್ಲಿ ದಿವಾಳಿಯಾಗಿ ಸಮಾಪನೆಗೆ ಹೋಯಿತು. ಬರೆಯಬಹುದಾದ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಹೊಸ ಲ್ಯಾಪ್‌ಟಾಪುಗಳಲ್ಲಿ ಡ್ರೈವ್ ಇರುವುದು ಅಪರೂಪ. ಆದರೂ ಯು.ಎಸ್.ಬಿ.ಗೆ ಜೋಡಿಸುವ ಡ್ರೈವ್‌ಗಳು ಅಂಗಡಿಯಲ್ಲಿ ಸಿಗುತ್ತವೆ. ನಿಮ್ಮ ಶಾಲೆಯ ಮೂಲೆಯಲ್ಲಿ ಧೂಳು ಹಿಡಿದ ಹಳೆಯ ಕಂಪ್ಯೂಟರಿನಲ್ಲಿ ಒಂದು ಡ್ರೈವ್ ಇದ್ದೇ ಇರುತ್ತದೆ.

ಈ ರಜೆಯಲ್ಲಿ ಮನೆಯ, ಶಾಲೆಯ ತಟ್ಟೆಗಳನ್ನು ಹೊರತೆಗೆಯಿರಿ. ವಾರ್ಷಿಕೋತ್ಸವ, ನಾಟಕ, ನಿವೃತ್ತರಾದ ಮೇಷ್ಟರ ಪಾಠ, ಏನಿದ್ದರೂ ಹಾರ್ಡ್ ಡಿಸ್ಕಿಗೆ ಇಳಿಸಿ. ಒಂದೇ ಕಡೆ ಸಾಲದು. ಎರಡು ಬೇರೆ ಬೇರೆ ಮನೆಗಳಲ್ಲಿ ಇಡಿ. ಪ್ರತಿ ಕಡತಕ್ಕೂ ‘ಚೆಕ್‌ಸಮ್’ ಎಂಬ ಸಂಖ್ಯೆಯೊಂದನ್ನು ಲೆಕ್ಕಹಾಕಿಸಿ ಬರೆದಿಡಿ. ಕಡತದಲ್ಲಿ ಒಂದು ಬಿಟ್ ಬದಲಾದರೂ ಈ ಸಂಖ್ಯೆ ಬದಲಾಗುತ್ತದೆ. ವರ್ಷಕ್ಕೊಮ್ಮೆ ತಾಳೆ ನೋಡಿ. ತಾಳೆಗರಿಯ ಕೊನೆಯಲ್ಲಿ ಲಿಪಿಕಾರ ಬರೆಯುತ್ತಿದ್ದ ಗ್ರಂಥಗಳ ಎಣಿಕೆ ನೆನಪಿದೆಯಲ್ಲ? ಕೆಲಸ ಅದೇ, ವಿಧಾನ ಹೊಸದು.

ಅತ್ತೆಯ ತಟ್ಟೆಯಿಂದ ನಾನು ಮೂರು ನಕಲು ಮಾಡಿದೆ. ತಂಗಿಯ ಮಗಳು ಅದರಲ್ಲಿ ತಾತ ಪಂಕ್ತಿಯಲ್ಲಿ ಓಡಾಡುವ ಭಾಗವನ್ನು ಎರಡೆರಡು ಸಲ ನೋಡಿದಳು. ಆಮೇಲೆ ತಟ್ಟೆಯನ್ನು ಹುಣಸೂರಿಗೆ ಹಿಂತಿರುಗಿಸಿದೆ. ಅತ್ತೆ ಅದನ್ನು ಒರೆಸಿ, ಸೀರೆಗಳ ನಡುವೆ ಮೊದಲಿದ್ದ ಜಾಗದಲ್ಲೇ ಇಟ್ಟು ಟ್ರಂಕಿನ ಮುಚ್ಚಳ ಹಾಕಿದರು.